ಸದ್ದಿಲ್ಲದೆ ಕರಗುವ ಬಂಡವಾಳ: ಮೂತ್ರಪಿಂಡದ ದೀರ್ಘಕಾಲದ ಕಾಯಿಲೆ

ದೀಪಾವಳಿಯ ಅಮಾವಾಸ್ಯೆಯಂದು ಭಗವಾನ್ ಮಹಾವೀರರ ನಿರ್ವಾಣ ಪೂಜೆ ಮುಗಿಸಿ, ಮರುದಿನ ವೀರ ನಿರ್ವಾಣ ಸಂವತ್ಸರದ ಮೊದಲ ದಿನ ಹೊಸ ಖಾತೆ ಪುಸ್ತಕ ತೆರೆಯುವುದು ನಮ್ಮ ವ್ಯಾಪಾರಿ ಮನೆತನಗಳ ಹಳೆಯ ಪದ್ಧತಿ. ಸೊಲ್ಲಾಪುರದ ಜವಳಿ ಅಂಗಡಿಯಿರಲಿ, ಜತ್ತದ ಕಿರಾಣಿಯಿರಲಿ, ಆದವಾನಿಯ ಹತ್ತಿ ವ್ಯಾಪಾರವಿರಲಿ, ಕಲ್ಪೆಟ್ಟದ ಕಾಫಿ, ಕಾಳುಮೆಣಸಿನ ವಹಿವಾಟಿರಲಿ, ಲೆಕ್ಕ ನೋಡದೆ ವರ್ಷ ಮುಗಿಸುವ ರೂಢಿ ನಮ್ಮಲ್ಲಿಲ್ಲ. ಗಲ್ಲಾಪೆಟ್ಟಿಗೆಯಲ್ಲಿ ದಿನವೂ ಹಣ ಓಡಾಡುತ್ತಿದ್ದರೂ ಒಳಗೊಳಗೇ ಬಂಡವಾಳ ಕರಗುತ್ತಿರಬಹುದು ಎಂಬುದು ವ್ಯಾಪಾರಸ್ಥನಿಗೆ ಚೆನ್ನಾಗಿ ಗೊತ್ತು. ಅದನ್ನು ತಿಳಿಯಲು ಅಢಾವೆ ಪತ್ರಿಕೆಯನ್ನೇ ನೋಡಬೇಕು.

ನಮ್ಮ ಶರೀರದಲ್ಲಿಯೂ ಹೀಗೆ ಸದ್ದಿಲ್ಲದೆ ಕರಗುವ ಬಂಡವಾಳವೊಂದಿದೆ. ಅದು ಮೂತ್ರಪಿಂಡ, ಆಡುಮಾತಿನಲ್ಲಿ ಕಿಡ್ನಿ. ಅದರ ಅರ್ಧ ಶಕ್ತಿ ಹೋದರೂ ನೋವಿಲ್ಲ, ಜ್ವರವಿಲ್ಲ, ಮೂತ್ರವೂ ಎಂದಿನಂತೆಯೇ ಆಗುತ್ತಿರುತ್ತದೆ. ಕಾಲು ಬಾತು, ಊಟ ಸೇರದೆ, ವಾಂತಿಯಾಗಿ ಆಸ್ಪತ್ರೆಗೆ ಹೋದಾಗ ಡಾಕ್ಟರರು 'ಡಯಾಲಿಸಿಸ್' ಎಂಬ ಮಾತು ಹೇಳುತ್ತಾರೆ. ಮನೆಯವರಿಗೆ ಸಿಡಿಲು ಬಡಿದಂತಾಗುತ್ತದೆ. "ನಿನ್ನೆಯವರೆಗೆ ಅಂಗಡಿಯಲ್ಲಿ ಕೂತಿದ್ದರಲ್ಲ!" ಎಂದು ಎಲ್ಲರೂ ಆಶ್ಚರ್ಯಪಡುತ್ತಾರೆ. ಆದರೆ ಈ ಕಾಯಿಲೆ ನಿನ್ನೆ ಬಂದದ್ದಲ್ಲ. ಹತ್ತು ವರ್ಷ, ಹದಿನೈದು ವರ್ಷ ಒಳಗೇ ಬೆಳೆದಿರುತ್ತದೆ. ಆ ವರ್ಷಗಳಲ್ಲಿ ಒಮ್ಮೆ ಲೆಕ್ಕ ನೋಡಿದ್ದರೆ ಅದನ್ನು ತಡೆಯುವ ಅಥವಾ ಬಹಳ ನಿಧಾನಗೊಳಿಸುವ ಉಪಾಯಗಳಿದ್ದವು. ಈ ಲೇಖನದ ಸಾರ ಇಷ್ಟೇ.

ಮೂತ್ರಪಿಂಡಗಳ ಕೆಲಸವೇನು?

ಬೆನ್ನಿನ ಹಿಂಭಾಗದಲ್ಲಿ, ಪಕ್ಕೆಲುಬುಗಳ ಕೆಳಗೆ, ಬೆನ್ನುಮೂಳೆಯ ಎರಡೂ ಬದಿಗೆ ಒಂದೊಂದು ಮೂತ್ರಪಿಂಡವಿದೆ. ಗಾತ್ರ ಮುಷ್ಟಿಯಷ್ಟು, ತೂಕ ಸುಮಾರು 150 ಗ್ರಾಂ. ಒಂದೊಂದರಲ್ಲಿ ಸುಮಾರು 10 ಲಕ್ಷ ಸೂಕ್ಷ್ಮ ಸೋಸುಕಗಳಿವೆ. ದಿನವೊಂದಕ್ಕೆ ಇವು ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿ, ಬೇಕಾದುದನ್ನೆಲ್ಲ ಮರಳಿ ರಕ್ತಕ್ಕೆ ಸೇರಿಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಹಾಕುತ್ತವೆ. ನೀರನ್ನು ಗಾಳಿಸಿ ಕುಡಿಯುವ ನಮಗೆ ಈ ಕೆಲಸದ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಕಲ್ಮಶ ಹೊರಹಾಕುವುದಷ್ಟೇ ಇವುಗಳ ಕೆಲಸವಲ್ಲ. ಶರೀರದ ನೀರು, ಉಪ್ಪು, ಪೊಟ್ಯಾಸಿಯಂ ಸಮತೋಲದಲ್ಲಿರುವಂತೆ ನೋಡಿಕೊಳ್ಳುವುದು, ರಕ್ತದೊತ್ತಡವನ್ನು ಹಿಡಿತದಲ್ಲಿಡುವುದು, ರಕ್ತ ಉತ್ಪತ್ತಿಗೆ ಬೇಕಾದ ಹಾರ್ಮೋನು ತಯಾರಿಸುವುದು, ಎಲುಬಿಗೆ ಬೇಕಾದ 'ಡಿ' ಜೀವಸತ್ವವನ್ನು ಉಪಯೋಗಕ್ಕೆ ಬರುವಂತೆ ಮಾಡುವುದು, ಇವೂ ಅವುಗಳದೇ ಕೆಲಸ. ಆದ್ದರಿಂದಲೇ ಮೂತ್ರಪಿಂಡ ಕೆಟ್ಟವರಲ್ಲಿ ರಕ್ತಹೀನತೆ, ಎಲುಬಿನ ನೋವು, ಏರಿದ ಒತ್ತಡ ಒಟ್ಟಿಗೇ ಕಾಣಿಸಿಕೊಳ್ಳುತ್ತವೆ. ಹೃದಯಕ್ಕೂ ಅಪಾಯ ಹೆಚ್ಚು. ಡಯಾಲಿಸಿಸ್ ಹಂತ ಮುಟ್ಟುವ ಮೊದಲೇ ಹೃದಯದ ಕಾಯಿಲೆಯಿಂದ ತೀರಿಕೊಳ್ಳುವವರು ಬಹಳ.

ಎರಡು ಅಂಕಿಗಳ ಲೆಕ್ಕ

ವಾಂತಿಭೇದಿ, ವಿಷ, ತೀವ್ರ ಸೋಂಕುಗಳಿಂದ ಮೂತ್ರಪಿಂಡ ಕೆಲವೇ ದಿನಗಳಲ್ಲಿ ಕೆಟ್ಟು, ಚಿಕಿತ್ಸೆಯಿಂದ ಮತ್ತೆ ಸರಿಹೋಗುವುದುಂಟು. ನಾವು ಹೇಳುತ್ತಿರುವ ಕಾಯಿಲೆ ಅದಲ್ಲ. ದೋಷ ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿದಿದ್ದರೆ ಅದನ್ನು ದೀರ್ಘಕಾಲದ ಕಾಯಿಲೆ ಎನ್ನುತ್ತಾರೆ. ಪ್ರಪಂಚದಲ್ಲಿ ಪ್ರಾಯದವರ ಪೈಕಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಇದು ಒಂದಲ್ಲ ಒಂದು ಹಂತದಲ್ಲಿದೆ.

ಇದನ್ನು ಪತ್ತೆಹಚ್ಚಲು ಎರಡು ಪರೀಕ್ಷೆ ಸಾಕು. ಎರಡೂ ಸಣ್ಣ ಊರಿನ ಪ್ರಯೋಗಾಲಯಗಳಲ್ಲೂ ಆಗುವಂಥವು.

ಮೊದಲನೆಯದು ರಕ್ತದ ಕ್ರಿಯಾಟಿನಿನ್. ವಯಸ್ಸು, ಲಿಂಗಗಳನ್ನು ಸೇರಿಸಿ ಇದರಿಂದ 'ಇ-ಜಿಎಫ್‌ಆರ್' ಎಂಬ ಅಂಕಿಯನ್ನು ತೆಗೆಯುತ್ತಾರೆ. ಮೂತ್ರಪಿಂಡಗಳು ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸುತ್ತವೆ ಎಂಬುದರ ಅಂದಾಜು ಅದು. 90ಕ್ಕಿಂತ ಮೇಲಿದ್ದರೆ ಒಳ್ಳೆಯದು. 60ರಿಂದ 89 ಇದ್ದು ಮೂತ್ರ ಪರೀಕ್ಷೆಯೂ ಬೇರೆಲ್ಲವೂ ಸರಿಯಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. 30ರಿಂದ 59 ಮೂರನೆಯ ಹಂತ, 15ರಿಂದ 29 ನಾಲ್ಕನೆಯದು, 15ಕ್ಕಿಂತ ಕೆಳಗೆ ಐದನೆಯದು.

ಇಲ್ಲಿ ಒಂದು ಎಚ್ಚರಿಕೆ. "ಕ್ರಿಯಾಟಿನಿನ್ 1.2 ಇದೆ, ನಾರ್ಮಲ್" ಎಂದು ವರದಿಯನ್ನು ಮಡಚಿಡುವವರೇ ಹೆಚ್ಚು. ಅದೇ 1.2 ಅಂಕಿ 25 ವರ್ಷದ ಯುವಕನಲ್ಲಿದ್ದರೆ ಸೋಸುವ ಶಕ್ತಿ ಸುಮಾರು 86 ಆಗುತ್ತದೆ. 65 ವರ್ಷದ ಅವನ ಅಜ್ಜಿಯಲ್ಲಿದ್ದರೆ ಸುಮಾರು 50! ಅಂದರೆ ಅಜ್ಜಿ ಆಗಲೇ ಮೂರನೆಯ ಹಂತದಲ್ಲಿರಬಹುದು. ಮಾಂಸಖಂಡ ಕಡಿಮೆಯಿರುವ ವೃದ್ಧರಲ್ಲಿ, ಕೃಶ ಶರೀರದ ಹೆಂಗಸರಲ್ಲಿ ಕ್ರಿಯಾಟಿನಿನ್ ಹೀಗೆ ಮೋಸಮಾಡುತ್ತದೆ. ಆದ್ದರಿಂದ ವರದಿಯಲ್ಲಿ ಇ-ಜಿಎಫ್‌ಆರ್ ಬರೆದಿಲ್ಲದಿದ್ದರೆ ಡಾಕ್ಟರರನ್ನು ಕೇಳಿ ಬರೆಯಿಸಿಕೊಳ್ಳಬೇಕು.

ಎರಡನೆಯದು ಮೂತ್ರದಲ್ಲಿ ಆಲ್ಬುಮಿನ್ ಪ್ರಮಾಣ. ಒಳ್ಳೆಯ ಸೋಸುಕ ಪ್ರೋಟೀನನ್ನು ಸೋರಗೊಡುವುದಿಲ್ಲ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂಗಿಂತ ಕಡಿಮೆ ಆಲ್ಬುಮಿನ್ ಇದ್ದರೆ ಸರಿ. 30ರಿಂದ 300ರವರೆಗೆ ಸೋರಿಕೆ ಶುರುವಾಗಿದೆ. 300 ದಾಟಿದರೆ ಹೆಚ್ಚಾಗಿದೆ. ರಕ್ತದ ಅಂಕಿ ಇನ್ನೂ ಸರಿಯಿರುವಾಗಲೇ ಈ ಸೋರಿಕೆ ಕಾಣಿಸಿಕೊಳ್ಳುವುದರಿಂದ ಸಕ್ಕರೆ ಕಾಯಿಲೆಯವರಿಗೆ ಇದು ಬಹಳ ಮುಖ್ಯ. ಒಮ್ಮೆ ಹೆಚ್ಚು ಬಂದರೆ ಗಾಬರಿಯಾಗದೆ ಮತ್ತೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳಬೇಕು. ಜ್ವರ, ಮೂತ್ರದ ಸೋಂಕು ಇದ್ದಾಗಲೂ ಇದು ಏರುತ್ತದೆ.

ಯಾರಿಗೆ ಬರುತ್ತದೆ?

ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ, ಇವೆರಡೇ ಮುಖ್ಯ ಕಾರಣಗಳು. ದಿನವಿಡೀ ಗಾದಿಯ ಮೇಲೆ ಕೂತು ಮಾಡುವ ವ್ಯಾಪಾರ, ನಡಿಗೆಯಿಲ್ಲದ ದಿನಚರಿ, ಸಿಹಿ-ಕರಿದ ತಿಂಡಿಗಳ ಉಪಚಾರ ಇರುವ ನಮ್ಮ ಮನೆಗಳಲ್ಲಿ ಇವೆರಡೂ ಅಪರೂಪವಲ್ಲ. ಮಾಂಸ, ಮದ್ಯ ಮುಟ್ಟುವುದಿಲ್ಲ ಎಂಬ ಮಾತ್ರಕ್ಕೆ ನಮಗೆ ಬರುವುದಿಲ್ಲವೆಂದು ನಂಬುವುದು ತಪ್ಪು. ಇವಲ್ಲದೆ ಮೂತ್ರದಲ್ಲಿ ಪದೇ ಪದೇ ಕಲ್ಲು, ಹಳೆಯ ಸೋಂಕುಗಳು, ವಂಶದಲ್ಲಿ ಬರುವ ನೀರುಗುಳ್ಳೆಗಳ ಕಾಯಿಲೆ, ಸೋಸುಕಗಳ ಉರಿಯೂತ ಇವೂ ಕಾರಣಗಳು. ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ಪ್ರದೇಶದಲ್ಲಿ ಸಕ್ಕರೆಯೂ ಒತ್ತಡವೂ ಇಲ್ಲದ ರೈತ, ಕೂಲಿಕಾರರಿಗೇ ಈ ಕಾಯಿಲೆ ಬಹಳವಾಗಿ ತಗುಲಿರುವುದನ್ನು ಪತ್ರಿಕೆಗಳಲ್ಲಿ ಓದಿರಬಹುದು.

ನಾವೇ ತಂದುಕೊಳ್ಳುವ ಇನ್ನೊಂದು ಕಾರಣವಿದೆ: ನೋವಿನ ಮಾತ್ರೆ. ಮೊಣಕಾಲು ನೋವು, ಸೊಂಟ ನೋವು ಎಂದು ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ಮಾತ್ರೆಗಳನ್ನು ಔಷಧಿ ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗುವವರಿದ್ದಾರೆ. ಮೂತ್ರಪಿಂಡ ಮೊದಲೇ ಸೋತವರಿಗೆ ಇವು ಬಹಳ ಕೆಡುಕು. ಯಾವ ಲೋಹ, ಯಾವ ಭಸ್ಮ ಸೇರಿದೆ ಎಂದು ಹೆಸರೇ ಇಲ್ಲದ ಪುಡಿ, ಗುಳಿಗೆಗಳೂ ಹಾಗೆಯೇ; ಪಾದರಸ, ಸೀಸ ಬೆರೆತಿದ್ದರೆ ಮೂತ್ರಪಿಂಡಕ್ಕೆ ವಿಷ.

40 ದಾಟಿದ ಸಕ್ಕರೆ ಅಥವಾ ಒತ್ತಡದ ರೋಗಿಗಳು, ಹೃದಯದ ಕಾಯಿಲೆಯವರು, ತಂದೆ-ತಾಯಿ, ಒಡಹುಟ್ಟಿದವರಲ್ಲಿ ಈ ಕಾಯಿಲೆ ಕಂಡವರು, 60 ದಾಟಿದವರು ವರ್ಷಕ್ಕೊಮ್ಮೆ ಎರಡೂ ಪರೀಕ್ಷೆ ಮಾಡಿಸಬೇಕು. ಸಕ್ಕರೆ ಕಾಯಿಲೆ ಇದ್ದವರು ವಯಸ್ಸು 40 ಆಗಲೆಂದು ಕಾಯುವುದೂ ಬೇಡ.

ತಡೆಯುವ ಉಪಾಯಗಳು

ಹೋದ ಸೋಸುಕಗಳು ಮರಳಿ ಬರುವುದಿಲ್ಲ. ಉಳಿದವನ್ನು ಉಳಿಸಿಕೊಳ್ಳಬಹುದು. ರಕ್ತದೊತ್ತಡವನ್ನು ಸಾಮಾನ್ಯವಾಗಿ 130/80ರ ಒಳಗಿಡಲು ಹೇಳುತ್ತಾರೆ. ರಾಮಿಪ್ರಿಲ್, ಎನಾಲಾಪ್ರಿಲ್, ಲೋಸಾರ್ಟನ್, ಟೆಲ್ಮಿಸಾರ್ಟನ್ ಮುಂತಾದ ಮಾತ್ರೆಗಳು ಒತ್ತಡ ಇಳಿಸುವುದರ ಜೊತೆಗೆ ಆಲ್ಬುಮಿನ್ ಸೋರಿಕೆಯನ್ನೂ ಕಡಿಮೆ ಮಾಡುತ್ತವೆ. ಸಕ್ಕರೆ ಕಾಯಿಲೆಗೆಂದು ಬಂದ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಔಷಧಗಳು ಮೂತ್ರಪಿಂಡ ಕೆಡುವ ವೇಗವನ್ನು ತಗ್ಗಿಸುತ್ತವೆ ಎಂಬುದು 2020 ಮತ್ತು 2022ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗಗಳಿಂದ ಸ್ಥಿರಪಟ್ಟಿದೆ. ಸಕ್ಕರೆ ಕಾಯಿಲೆ ಇಲ್ಲದವರಿಗೂ ಅವುಗಳಿಂದ ಪ್ರಯೋಜನ ಕಂಡುಬಂದಿದೆ. ಈ ಔಷಧಗಳನ್ನು ಶುರುಮಾಡಿದಾಗ ಕ್ರಿಯಾಟಿನಿನ್ ಸ್ವಲ್ಪ ಏರಬಹುದು. ಅದನ್ನು ಕಂಡು ತಾವೇ ಮಾತ್ರೆ ನಿಲ್ಲಿಸಬಾರದು, ಡಾಕ್ಟರರನ್ನು ಕೇಳಬೇಕು.

ಅಡುಗೆಮನೆಯಲ್ಲಿ

ಮೊದಲ ಔಷಧ ಉಪ್ಪು ಕಡಿಮೆ ಮಾಡುವುದು. ದಿನಕ್ಕೆ ಒಬ್ಬರಿಗೆ ಎಲ್ಲ ಸೇರಿ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಸಣ್ಣ ಚಮಚದ ಒಳಗೆ, ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಟ್ನಿಪುಡಿ, ಫರಸಾಣು ಇವುಗಳಲ್ಲೇ ಅರ್ಧ ಉಪ್ಪು ಹೋಗಿರುತ್ತದೆ. ಹಪ್ಪಳಕ್ಕೆ ಹಾಕುವ ಖಾರವೂ, ಅಡುಗೆ ಸೋಡಾವೂ ಇದೇ ಲೆಕ್ಕಕ್ಕೆ ಸೇರುತ್ತವೆ. ಅಂಗಡಿಯಲ್ಲಿ ಸಿಗುವ 'ಕಡಿಮೆ ಸೋಡಿಯಂ' ಉಪ್ಪಿನಲ್ಲಿ ಪೊಟ್ಯಾಸಿಯಂ ಇರುವುದರಿಂದ ಮೂತ್ರಪಿಂಡದ ರೋಗಿಗಳು ಕೇಳದೆ ಬಳಸಬಾರದು.

ನಮ್ಮವರು ಗಮನಿಸಬೇಕಾದ ಮಾತೊಂದಿದೆ. ಅಷ್ಟಮಿ, ಚತುರ್ದಶಿಗಳಂದು ಹಸಿರು ಕಾಯಿಪಲ್ಯೆ ಬಿಟ್ಟು ಬರೀ ಬೇಳೆಕಾಳು, ಒಣಹಣ್ಣು, ಶೇಂಗಾದಿಂದ ಅಡುಗೆ ಮಾಡುತ್ತೇವೆ. ಆರೋಗ್ಯವಂತರಿಗೆ ಅಡ್ಡಿಯಿಲ್ಲ. ನಾಲ್ಕನೆಯ, ಐದನೆಯ ಹಂತದ ರೋಗಿಗೆ ಅಂದಿನ ತಟ್ಟೆಯಲ್ಲಿ ಪೊಟ್ಯಾಸಿಯಂ, ರಂಜಕ ಎರಡೂ ಹೆಚ್ಚಾಗಬಹುದು. ಪೊಟ್ಯಾಸಿಯಂ ಮಿತಿಮೀರಿದರೆ ಹೃದಯವೇ ನಿಲ್ಲಬಹುದು. ರಕ್ತದಲ್ಲಿ ಅದು ಹೆಚ್ಚಾಗಿದೆ ಎಂದು ಹೇಳಿಸಿಕೊಂಡವರು ಎಳನೀರು, ಬಾಳೆಹಣ್ಣು, ಖರ್ಜೂರ, ದ್ರಾಕ್ಷಿ-ಗೋಡಂಬಿಗಳನ್ನು ಮಿತಿಯಲ್ಲಿಡಬೇಕು. ತರಕಾರಿಯನ್ನು ಹೆಚ್ಚು ನೀರಿನಲ್ಲಿ ಬೇಯಿಸಿ ಆ ನೀರನ್ನು ಚೆಲ್ಲಿದರೆ ಪೊಟ್ಯಾಸಿಯಂ ಕಡಿಮೆಯಾಗುತ್ತದೆ. ಕರಾವಳಿಯಲ್ಲಿ ಧಾರೆಹುಳಿ ಎನ್ನುವ ಕಮರಾಕ್ಷಿ ಹಣ್ಣನ್ನು ಮೂತ್ರಪಿಂಡದ ರೋಗಿಗಳು ಮುಟ್ಟಲೇಬಾರದು; ಅದರಲ್ಲಿರುವ ವಿಷಾಂಶ ಅವರ ಮೆದುಳಿಗೆ ಏರುತ್ತದೆ.

ಹಾಗೆಂದು ಬೇಳೆಯನ್ನು ಪೂರ್ತಿ ಬಿಡಿಸಿ ರೋಗಿಯನ್ನು ಸೊರಗಿಸುವುದೂ ತಪ್ಪು. ಡಯಾಲಿಸಿಸ್‌ಗೆ ಮೊದಲು ಪ್ರೋಟೀನ್ ಮಿತವಾಗಿರಬೇಕು. ಡಯಾಲಿಸಿಸ್ ಶುರುವಾದ ಮೇಲೆ ಹೆಚ್ಚು ಬೇಕು. ಆಗ ಹಾಲು, ಮೊಸರು, ಪನೀರು, ಬೇಳೆಗಳನ್ನು ಲೆಕ್ಕಹಾಕಿ ಕೊಡಬೇಕಾಗುತ್ತದೆ. "ನಾವು ಶುದ್ಧ ಸಸ್ಯಾಹಾರಿಗಳು, ಮೊಟ್ಟೆ ತಿನ್ನುವುದಿಲ್ಲ, ಕಂದಮೂಲ ತಿನ್ನುವುದಿಲ್ಲ" ಎಂದು ಆಹಾರತಜ್ಞರಿಗೆ ಮೊದಲೇ ಹೇಳಿದರೆ ನಮ್ಮ ತಟ್ಟೆಗೆ ಹೊಂದುವ ಪಟ್ಟಿಯನ್ನೇ ಮಾಡಿಕೊಡುತ್ತಾರೆ. ಜಿಲಟಿನ್ ಕ್ಯಾಪ್ಸೂಲು ಬೇಡವೆನ್ನುವವರೂ ಅದನ್ನು ಆಗಲೇ ಹೇಳಿ, ಅದೇ ಔಷಧ ಮಾತ್ರೆಯ ರೂಪದಲ್ಲಿ ಸಿಗುವುದೇ ಎಂದು ಕೇಳಬಹುದು.

ವ್ರತ, ಉಪವಾಸಗಳ ಪ್ರಶ್ನೆ

ದಶಲಕ್ಷಣ ಪರ್ವದ ದಿನಗಳಲ್ಲಿ, ನೋಂಪಿಗಳಲ್ಲಿ ನಿರ್ಜಲ ಉಪವಾಸ ಮಾಡುವ ಹಿರಿಯರು ನಮ್ಮಲ್ಲಿ ಬಹಳ. ಅವರ ಶ್ರದ್ಧೆ ದೊಡ್ಡದು. ಆದರೆ ಮೂತ್ರಪಿಂಡ ಸೋತವರು ನೀರಿಲ್ಲದೆ ಇದ್ದರೆ ಅಳಿದುಳಿದ ಶಕ್ತಿಯೂ ಒಮ್ಮೆಲೇ ಕುಸಿಯಬಹುದು. ಇನ್ಸುಲಿನ್ ಅಥವಾ ಸಕ್ಕರೆಯ ಮಾತ್ರೆ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ಮೂತ್ರಪಿಂಡ ದುರ್ಬಲವಾದಾಗ ಇನ್ಸುಲಿನ್ ಶರೀರದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಮೇಲೆ ಹೇಳಿದ ಡಪಾಗ್ಲಿಫ್ಲೋಜಿನ್ ಜಾತಿಯ ಮಾತ್ರೆ, ಕೆಲವು ಒತ್ತಡದ ಮಾತ್ರೆಗಳನ್ನು ಉಪವಾಸದಲ್ಲಿಯೂ ವಾಂತಿಭೇದಿಯಲ್ಲಿಯೂ ತಾತ್ಕಾಲಿಕವಾಗಿ ನಿಲ್ಲಿಸಬೇಕಾಗುತ್ತದೆ. ಆದ್ದರಿಂದ ವ್ರತ ಸ್ವೀಕರಿಸುವ ಮೊದಲೇ ಡಾಕ್ಟರರ ಸಲಹೆ ಬೇಕು, ಮುನಿಗಳಿಗೂ ಕಾಯಿಲೆಯ ವಿಷಯ ತಿಳಿಸಬೇಕು. ಅದನ್ನು ಬಚ್ಚಿಟ್ಟು ನಿಯಮ ತೆಗೆದುಕೊಂಡರೆ ನಡುವೆ ಭಂಗವಾಗುವ ಸಂಕಟ ಬೇರೆ.

ಷೋಡಶ ಕಾರಣ ಭಾವನೆಗಳಲ್ಲಿ 'ಶಕ್ತಿತಸ್ತಪ' ಒಂದು ಎಂಬುದನ್ನು ನೆನೆಯಬೇಕು. ತಪಸ್ಸು ಶಕ್ತಿಗೆ ತಕ್ಕಂತೆ. ಬಾಹ್ಯ ತಪಗಳು ಆರು. ಅನಶನ ಅವುಗಳಲ್ಲಿ ಒಂದು ಮಾತ್ರ. ಹೊಟ್ಟೆ ತುಂಬ ಉಣ್ಣದಿರುವ ಅವಮೌದರ್ಯವಿದೆ, ರಸಪರಿತ್ಯಾಗವಿದೆ. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲಗಳ ಜೊತೆಗೆ ಉಪ್ಪನ್ನೂ ನಮ್ಮ ಹಿರಿಯರು ರಸವೆಂದೇ ಎಣಿಸಿದ್ದಾರೆ. ಭಾನುವಾರ ಉಪ್ಪು ಬಿಡುವ ರೂಢಿ ಇರುವ ಮನೆಗಳೂ ಇವೆ. ಮೂತ್ರಪಿಂಡದ ರೋಗಿಗೆ ಡಾಕ್ಟರರೂ ಒಪ್ಪುವ ತ್ಯಾಗವಿದು. ಸ್ವಾಧ್ಯಾಯ, ಧ್ಯಾನ ಮುಂತಾದ ಅಂತರಂಗ ತಪಗಳಿಗೆ ಯಾವ ಕಾಯಿಲೆಯೂ ಅಡ್ಡಿಯಲ್ಲ.

ರಾತ್ರಿಭೋಜನ ತ್ಯಾಗ ಮಾಡಿದವರು ಸೂರ್ಯಾಸ್ತದ ಮೇಲೆ ನೀರೂ ಕುಡಿಯುವುದಿಲ್ಲವಾದ್ದರಿಂದ ರಾತ್ರಿಯ ಮಾತ್ರೆಯನ್ನು ಹೇಳದೆಯೇ ಬಿಟ್ಟುಬಿಡುತ್ತಾರೆ. ಇದು ಬೇಡ. ದಿನಕ್ಕೊಮ್ಮೆ ತೆಗೆದುಕೊಳ್ಳುವ ಒತ್ತಡದ ಮಾತ್ರೆಗಳನ್ನು ಬೆಳಗಿಗೆ ಬದಲಾಯಿಸಬಹುದು. ಕೆಲವನ್ನು ಸಂಜೆಯ ಊಟದೊಂದಿಗೆ ಹೊಂದಿಸಬಹುದು. ಕೇಳಿದರೆ ದಾರಿ ಸಿಗುತ್ತದೆ.

ನೀರಿನ ಬಗ್ಗೆಯೂ ಎರಡು ಮಾತು. ಮೂರು-ನಾಲ್ಕು ಲೀಟರ್ ಕುಡಿದರೆ ಕಿಡ್ನಿ ತೊಳೆದುಹೋಗುತ್ತದೆ ಎಂಬುದು ನಂಬಿಕೆಯಷ್ಟೇ. ಬಾವು ಇರುವ ರೋಗಿಗೆ ಹೆಚ್ಚು ನೀರೇ ಅಪಾಯ. ಅವರಿಗೆ ಡಾಕ್ಟರರು ಅಳತೆ ಹೇಳುತ್ತಾರೆ. ಆದರೆ ಶೌಚಾಲಯವಿಲ್ಲದ ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ನೀರು ಕುಡಿಯದೆ, ಮೂತ್ರ ತಡೆದು ಕೂರುವುದರಿಂದ ಸೋಂಕಿಗೂ ಕಲ್ಲಿಗೂ ದಾರಿಯಾಗುತ್ತದೆ. ಗಲ್ಲೆಯ ಮೇಲೆ ಕೂರುವ ಹೆಣ್ಣುಮಕ್ಕಳಿಗೆ ಈ ಕಷ್ಟ ಹೆಚ್ಚು. ಅಂಗಡಿ ಕಟ್ಟಿಸುವಾಗ ಗೋದಾಮಿಗೆ ಜಾಗ ಹುಡುಕುವ ನಾವು ಒಂದು ಶೌಚಾಲಯಕ್ಕೂ ಜಾಗ ಬಿಡಬೇಕು.

ಐದನೆಯ ಹಂತ ಬಂದರೆ

ಬಂದರೂ ಬದುಕು ಮುಗಿಯಲಿಲ್ಲ. 1943ರಲ್ಲಿ ನೆದರ್‌ಲ್ಯಾಂಡ್ಸಿನ ವಿಲೆಮ್ ಕೋಲ್ಫ್ ಎಂಬ ವೈದ್ಯರು ಮೊದಲ ಬಾರಿಗೆ ರೋಗಿಯ ಮೇಲೆ ಬಳಸಿದ ರಕ್ತ ಸೋಸುವ ಯಂತ್ರ ಇಂದು ಜಿಲ್ಲಾ ಊರುಗಳಲ್ಲೂ ಇದೆ. ವಾರಕ್ಕೆ ಎರಡು ಅಥವಾ ಮೂರು ಸಲ, ಸುಮಾರು ನಾಲ್ಕು ಗಂಟೆ ಹಿಡಿಯುತ್ತದೆ. ಹೊಟ್ಟೆಯೊಳಗೆ ದ್ರವ ತುಂಬಿ ಮನೆಯಲ್ಲೇ ಮಾಡಿಕೊಳ್ಳುವ ವಿಧಾನವೂ ಉಂಟು. ದೂರದ ಹಳ್ಳಿಯವರಿಗೆ, ಅಂಗಡಿ ಬಿಡಲಾಗದವರಿಗೆ ಅದು ಅನುಕೂಲ. ಯಂತ್ರದ ಡಯಾಲಿಸಿಸ್‌ಗೆ ಕೈಯ ರಕ್ತನಾಳಗಳನ್ನು ಜೋಡಿಸುವ ಸಣ್ಣ ಶಸ್ತ್ರಚಿಕಿತ್ಸೆಯನ್ನು ತಿಂಗಳುಗಳ ಮೊದಲೇ ಮಾಡಿಸಬೇಕು. ಆದ್ದರಿಂದ ನಾಲ್ಕನೆಯ ಹಂತದಲ್ಲೇ ಎಡಗೈಯನ್ನು (ಎಡಚರಾದರೆ ಬಲಗೈಯನ್ನು) ಸೂಜಿ, ಸಲೈನುಗಳಿಂದ ಕಾಪಾಡಿಕೊಳ್ಳಬೇಕು.

ಮೂತ್ರಪಿಂಡ ಕಸಿ 1954ರಲ್ಲಿ ಬೋಸ್ಟನ್ನಿನಲ್ಲಿ ಅವಳಿ ಸಹೋದರರ ನಡುವೆ ಯಶಸ್ವಿಯಾಯಿತು. ನಮ್ಮ ದೇಶದಲ್ಲಿ 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಯಶಸ್ಸು ಕಂಡಿತು. 1994ರ ಕಾಯಿದೆಯಂತೆ ಮೂತ್ರಪಿಂಡ ಮಾರುವುದೂ ಕೊಳ್ಳುವುದೂ ಅಪರಾಧ. ಗಂಡ-ಹೆಂಡತಿ, ತಂದೆ-ತಾಯಿ, ಮಕ್ಕಳು, ಒಡಹುಟ್ಟಿದವರು ಕೊಡಬಹುದು. 2011ರ ತಿದ್ದುಪಡಿಯಲ್ಲಿ ಅಜ್ಜ-ಅಜ್ಜಿ, ಮೊಮ್ಮಕ್ಕಳನ್ನೂ ಸೇರಿಸಲಾಯಿತು. ರಕ್ತದ ಗುಂಪು ಹೊಂದದಿದ್ದರೆ ಎರಡು ಕುಟುಂಬಗಳು ಪರಸ್ಪರ ಬದಲಿಸಿಕೊಳ್ಳಲೂ ಅವಕಾಶವಿದೆ. ಕೊಡುವವರು ಪೂರ್ಣ ಆರೋಗ್ಯವಂತರಾಗಿದ್ದರೆ ಒಂದೇ ಮೂತ್ರಪಿಂಡದಲ್ಲಿ ಎಲ್ಲರಂತೆ ಬದುಕಬಲ್ಲರು. ವರ್ಷಕ್ಕೊಮ್ಮೆ ಪರೀಕ್ಷೆ ಬೇಕು. ನಮ್ಮ ದೇಶದಲ್ಲಿ ಬದುಕಿರುವಾಗ ಮೂತ್ರಪಿಂಡ ಕೊಡುವವರಲ್ಲಿ ಹೆಚ್ಚಿನವರು ತಾಯಿ, ಹೆಂಡತಿಯರು. ಮನೆಯ ಗಂಡಸರು, ಅಣ್ಣತಮ್ಮಂದಿರು ಈ ಮಾತನ್ನು ತಮ್ಮ ಮನಸ್ಸಿನಲ್ಲಿ ಒಮ್ಮೆ ತೂಗಿ ನೋಡಬೇಕು. ಔಷಧದಾನ, ಅಭಯದಾನಗಳನ್ನು ಚತುರ್ವಿಧ ದಾನಗಳಲ್ಲಿ ಎಣಿಸುವ ಸಮಾಜ ನಮ್ಮದು. ಮರಣಾನಂತರ ಅಂಗದಾನದ ವಿಷಯವನ್ನೂ ಮನೆಯಲ್ಲಿ ಕೂತು ಮಾತಾಡುವ ಕಾಲ ಬಂದಿದೆ.

ಖರ್ಚಿನ ಬಗ್ಗೆ: ಬಡತನದ ರೇಖೆಗಿಂತ ಕೆಳಗಿರುವವರಿಗೆ ಉಚಿತ ಡಯಾಲಿಸಿಸ್ ಕೊಡುವ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ 2016ರಲ್ಲಿ ಶುರುವಾಯಿತು. ಗಡಿಭಾಗದ ನಮಗೆ ಒಂದು ತೊಡಕು ಹೆಚ್ಚು. ರೇಷನ್ ಕಾರ್ಡು ಒಂದು ರಾಜ್ಯದ್ದು, ಹೋಗುವ ಆಸ್ಪತ್ರೆ ಇನ್ನೊಂದು ರಾಜ್ಯದ್ದು. ಒಂದು ರಾಜ್ಯದ ಸ್ವಂತ ಯೋಜನೆ ಗಡಿ ದಾಟಿದರೆ ಸಾಮಾನ್ಯವಾಗಿ ನಡೆಯುವುದಿಲ್ಲ. 2018ರಲ್ಲಿ ಬಂದ ಕೇಂದ್ರದ ಆಯುಷ್ಮಾನ್ ಭಾರತ ಯೋಜನೆಯ ಕಾರ್ಡನ್ನು ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ತೋರಿಸಬಹುದು. 2024ರಿಂದ 70 ವರ್ಷ ತುಂಬಿದವರು ಆದಾಯದ ಮಿತಿಯಿಲ್ಲದೆ ಇದಕ್ಕೆ ಸೇರಬಹುದು. ಎಲ್ಲ ವರದಿಗಳನ್ನೂ ಒಂದೇ ಕಡತದಲ್ಲಿ ದಿನಾಂಕದ ಪ್ರಕಾರ ಇಡಿ. ಊರು ಬದಲಾದರೂ, ಡಾಕ್ಟರು ಬದಲಾದರೂ, ಭಾಷೆ ಬದಲಾದರೂ ಅಂಕಿಗಳು ಮಾತಾಡುತ್ತವೆ.

ಮುಚ್ಚಿಡಬೇಡಿ

ಕೊನೆಯದಾಗಿ ಒಂದು ಮಾತು. "ಮನೆಯಲ್ಲಿ ಕಿಡ್ನಿ ಕಾಯಿಲೆ ಎಂದರೆ ಮಗಳಿಗೆ ಸಂಬಂಧ ಕೂಡಿ ಬರುವುದಿಲ್ಲ, ಪೇಟೆಯಲ್ಲಿ ಪತ್ತು ಹೋಗುತ್ತದೆ" ಎಂಬ ಭಯದಿಂದ ಕಾಯಿಲೆಯನ್ನು ಮುಚ್ಚಿಡುವುದು ನಮ್ಮಲ್ಲಿದೆ. ಸಕ್ಕರೆ, ಒತ್ತಡಗಳಿಂದ ಬಂದ ಕಾಯಿಲೆ ಅಂಟುರೋಗವಲ್ಲ. ಮುಚ್ಚಿಟ್ಟ ದಿನಗಳಲ್ಲಿ ಸೋಸುಕಗಳು ಸಾಯುತ್ತಲೇ ಇರುತ್ತವೆ. ವಂಶದಲ್ಲಿ ಬರುವ ವಿಧವಾದರಂತೂ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ಹೇಳಲೇಬೇಕು. ಅವರು ಪರೀಕ್ಷಿಸಿಕೊಂಡು ಉಳಿಯುವ ದಾರಿ ಅದೊಂದೇ. ಬಸದಿಯ ಟ್ರಸ್ಟುಗಳು, ಮಹಿಳಾ ಸಮಾಜ, ಯುವಕ ಮಂಡಳಿಗಳು ವರ್ಷಕ್ಕೊಂದು ದಿನ ಒತ್ತಡ, ಸಕ್ಕರೆ, ಕ್ರಿಯಾಟಿನಿನ್, ಮೂತ್ರ ಪರೀಕ್ಷೆಗಳ ಶಿಬಿರ ನಡೆಸಿದರೆ ಹಲವು ಮನೆಗಳ ದೀಪ ಉಳಿದೀತು.

ಬರುವ ದೀಪಾವಳಿಗೆ ಹೊಸ ಖಾತೆ ಪುಸ್ತಕ ತರುವ ವಾರದಲ್ಲೇ ಮನೆಯ ಹಿರಿಯರನ್ನು ಪ್ರಯೋಗಾಲಯಕ್ಕೆ ಕರೆದುಕೊಂಡು ಹೋಗಿ. ಇ-ಜಿಎಫ್‌ಆರ್ ಎಷ್ಟು, ಆಲ್ಬುಮಿನ್ ಎಷ್ಟು ಎಂದು ಒಂದು ಹಾಳೆಯಲ್ಲಿ ದಿನಾಂಕ ಹಾಕಿ ಬರೆದಿಡಿ. ಮುಂದಿನ ವರ್ಷ ಅದರ ಕೆಳಗೇ ಮತ್ತೆ ಬರೆಯಿರಿ. ಅಂಕಿ ಇಳಿಯುತ್ತಿದೆಯೋ ನಿಂತಿದೆಯೋ ಎಂಬುದನ್ನು ಓದಲು ವ್ಯಾಪಾರಸ್ಥರ ಮನೆಯವರಿಗೆ ಯಾರೂ ಕಲಿಸಬೇಕಿಲ್ಲ.